ತುಟಿ ಕಾಣದ ಮಾತು

ಫೆಬ್ರವರಿ 12, ಸೋಮವಾರ

ಈ ನೋಟ್‌ಬುಕ್ಕು ಕೊಟ್ಟವರು ಮೈಸೂರಿನ ಆಸ್ಪತ್ರೆಯ ಅಪರ್ಣ ಮೇಡಂ. ಯಾವ ದಿನ ಯಾವ ಸದ್ದು ನಮ್ಮ ಯಜಮಾನರಿಗೆ ಕೇಳಿಸಿತು ಎಂದು ಬರೆದಿಡಬೇಕಂತೆ. ಅದನ್ನು ಮುಂದಿನ ಹಾಳೆಗಳಲ್ಲಿ ಬರೆಯುತ್ತೇನೆ. ಹಿಂದಿನಿಂದ ತಿರುಗಿಸಿಕೊಂಡರೆ ಈ ಹಾಳೆಗಳು. ಇವು ನನ್ನವು.

ಇವತ್ತು ಇವರ ಕಿವಿಯ ಮಿಷನ್ನನ್ನು ಮೊದಲ ಸಲ ಚಾಲೂ ಮಾಡಿದರು. ಆಪರೇಷನ್ ಆಗಿ ಇಪ್ಪತ್ತೈದು ದಿನ, ಕಿವಿಯ ಹಿಂದಿನ ಹೊಲಿಗೆ ಒಣಗಿದೆ. ಚರ್ಮದ ಒಳಗೊಂದು ಅಯಸ್ಕಾಂತ, ಹೊರಗೊಂದು. ಹೊರಗಿನದು ಬಿಲ್ಲೆಯ ಹಾಗೆ ತಟ್ಟನೆ ತಲೆಗೆ ಅಂಟಿಕೊಂಡಿತು. ಮೇಡಂ ಕಂಪ್ಯೂಟರಿನಲ್ಲಿ ಏನೋ ಒತ್ತಿ, "ಕೇಳಿಸ್ತಾ ಇದೆಯಾ?" ಎಂದರು. ಇವರು ಅಭ್ಯಾಸದಂತೆ ನನ್ನ ಮುಖ ನೋಡಿದರು. ನಾನೂ ಅಭ್ಯಾಸದಂತೆ, "ಕೇಳುಸ್ತಂತೆ ಮೇಡಂ" ಅಂದೆ.

"ಅವರೇ ಹೇಳಲಿ ಬಿಡಿ, ಮಂಗಳಾ ಅವರೇ."

ಇವರು ತಲೆ ವಾಲಿಸಿ ಸ್ವಲ್ಪ ಹೊತ್ತು ಕೂತರು. "ಸದ್ದು ಬತ್ತಾ ಅದೆ. ಮಾತಲ್ಲ. ತಗಡಿನ ಮ್ಯಾಲೆ ಉಳ್ಳಿಕಾಳು ಸುರ್ದಂಗೆ."

ಮೊದಲ ದಿನ ಎಲ್ಲರಿಗೂ ಹಾಗೆಯೇ ಅಂತೆ. ಮಿದುಳು ಹೊಸದಾಗಿ ಕಲಿಯಬೇಕಂತೆ. ಮೂರು ತಿಂಗಳಿಗೆ ಒಂದಿಷ್ಟು, ಆರು ತಿಂಗಳಿಗೆ ಇನ್ನಷ್ಟು, ವರ್ಷಕ್ಕೆ ಮತ್ತಷ್ಟು. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೂ ತೆಗೆಯದೆ ಹಾಕಿಕೊಂಡಿರಬೇಕಂತೆ. "ಒಂಬತ್ತು ವರ್ಷ ಹಾಕಿಕೊಂಡವರು ಹೇಗೆ ಕೇಳ್ತಾರೆ, ತೋರಿಸ್ತೀನಿ" ಎಂದು ಮೇಡಂ ಬಾಗಿಲು ತೆರೆದರು. ಹೊರಗೆ ಒಬ್ಬಳು ನಮಗೆ ಬೆನ್ನು ಮಾಡಿ ತನ್ನ ತಪಾಸಣೆಯ ಫೈಲು ನೋಡುತ್ತಿದ್ದಳು. ಮೇಡಂ ಇಲ್ಲಿಂದಲೇ "ರಂಜನಿ" ಅಂದರು. ಕೂಗಲಿಲ್ಲ, ಬರೀ ಅಂದರು. ಆಕೆ ತಿರುಗಿ "ಬಂದೆ ಮೇಡಂ" ಅಂದಳು.

ಇವರ ಕಣ್ಣು ತುಂಬಿಕೊಂಡಿತು. ಕಿವಿ ಹೋದ ಈ ಹನ್ನೊಂದು ವರ್ಷದಲ್ಲಿ ಇವರು ನನ್ನ ಮುಖವನ್ನಲ್ಲದೆ ಇನ್ನೊಬ್ಬರ ಮುಖವನ್ನು ಹಾಗೆ ನೋಡಿದ್ದು ನಾನು ಕಂಡಿರಲಿಲ್ಲ.

ಇದನ್ನು ಬರೆಯಬಾರದಿತ್ತು.

ಮಾರ್ಚ್ 3

ಮನೆಯಲ್ಲಿ ಪಾಠ ಶುರುವಾಗಿದೆ. ನಾನು ನೋಟ್‌ಬುಕ್ಕಿನಿಂದ ಬಾಯಿ ಮುಚ್ಚಿಕೊಂಡು ಪದ ಹೇಳಬೇಕು, ಇವರು ಕೇಳಿ ಹೇಳಬೇಕು. ಐವತ್ತು ಪದ. ಇವತ್ತು ಎರಡು ಸರಿ. ಅದರಲ್ಲಿ ಒಂದು ಊಹೆ ಎಂದು ನನಗೆ ಗೊತ್ತು.

ಇವರಿಗೆ ಮೂವತ್ತೈದಾದಾಗ ಕಿವಿ ಮಂದವಾಗತೊಡಗಿದ್ದು. ಮೂರು ವರ್ಷದಲ್ಲಿ ಪೂರ್ತಿ ಹೋಯಿತು. ಅಂದಿನಿಂದ ಪಾಂಡವಪುರದ ನಮ್ಮ ಚಿನ್ನಬೆಳ್ಳಿ ಅಂಗಡಿಯಲ್ಲಿ ಮುಂದೆ ಕೂತವಳು ನಾನು. ಇವರು ಹಿಂದೆ ಅಗ್ಗಿಷ್ಟಿಕೆಯ ಮುಂದೆ. ಗಿರಾಕಿ ನನಗೆ ಹೇಳಬೇಕು, ನಾನು ತಿರುಗಿ ಇವರಿಗೆ ಹೇಳಬೇಕು. ಇವರು ಓದುವುದು ನನ್ನ ತುಟಿಯನ್ನು ಮಾತ್ರ. ಹೆತ್ತ ತಾಯಿಯ ಮಾತೂ ತಿಳಿಯುವುದಿಲ್ಲ. ನಮ್ಮತ್ತೆ ಸುಬ್ಬಮ್ಮನವರಿಗೆ ಹಲ್ಲು ಹೋಗಿ ತುಟಿ ಒಳಗೆ ಮಡಚಿಕೊಂಡಿದೆ. ಮಗನಿಗೆ ಏನು ಹೇಳಬೇಕಾದರೂ ಅವರು ನನಗೇ ಹೇಳುತ್ತಾರೆ. "ನನ್ ಮಗನ್ ಕಿವಿ ನಿನ್ ಬಾಯಲ್ಲಿ ಅದೆ ಕಣವ್ವ" ಎಂದು ನೆಂಟರ ಮುಂದೆಲ್ಲ ಹೇಳುವುದು ಅವರ ರೂಢಿ. ಕೇಳಿದಾಗೆಲ್ಲ ನನಗೆ ಹೆಮ್ಮೆ.

ಏಪ್ರಿಲ್ 14, ಭಾನುವಾರ

ಶ್ರೀರಂಗಪಟ್ಟಣಕ್ಕೆ ಹೋಗಿ ಬಂದೆವು. ಆ ರಂಜನಿಯ ಮನೆಯಲ್ಲಿ ತಿಂಗಳ ಎರಡನೇ ಭಾನುವಾರ ಮಿಷನ್ನು ಹಾಕಿಕೊಂಡವರೆಲ್ಲ ಸೇರುತ್ತಾರೆ. ಆಕೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ತಂದೆ ಜಯರಾಮಯ್ಯನವರು ದೇವಸ್ಥಾನದ ಕೆಲಸದಿಂದ ನಿವೃತ್ತರು, ಬಂದವರಿಗೆಲ್ಲ ತಾವೇ ಮಜ್ಜಿಗೆ ಕೊಟ್ಟರು. ನಾಗಮಂಗಲದಿಂದ ರಿಟೈರಾದ ಕಂಡಕ್ಟರ್ ಅಶೋಕ್ ಬಂದಿದ್ದರು, ಮಿಷನ್ನು ಹಾಕಿಸಿ ಒಂದು ವರ್ಷ. ಸಿಂಧಘಟ್ಟದ ಚಿಕ್ಕಬೋರಮ್ಮನಿಗೆ ಎರಡು ವರ್ಷ. ಮದುವೆಯಾದವರು, ಮಕ್ಕಳಾದವರು ಎಂದು ಪರಿಚಯ ಮಾಡಿಕೊಳ್ಳುವಂತೆ ಅಲ್ಲಿ ಎಲ್ಲರೂ ಮಿಷನ್ನು ಹಾಕಿಸಿ ಎಷ್ಟು ವರ್ಷ ಎಂದು ಹೇಳಿಕೊಳ್ಳುತ್ತಾರೆ.

ರಂಜನಿ ಬೀಸಣಿಗೆಯಿಂದ ಬಾಯಿ ಮರೆ ಮಾಡಿಕೊಂಡು ಊರುಗಳ ಹೆಸರು ಹೇಳಿದಳು. "ಸಿಂಧಘಟ್ಟ." ಇವರು ಸುಮ್ಮನಿದ್ದರು. "ಕರಿಘಟ್ಟ." ಇವರ ಹುಬ್ಬು ಮೇಲೆದ್ದಿತು. "ಕರಿಘಟ್ಟ!" ಅಂದರು. ಕಂಡಕ್ಟರು ಚಪ್ಪಾಳೆ ತಟ್ಟಿದರು.

"ಈಗ ನೀವು ಹೇಳಿ ಅಕ್ಕ" ಎಂದು ಬೀಸಣಿಗೆ ನನ್ನ ಕೈಗೆ ಕೊಟ್ಟಳು. ನಾನೂ ಅದೇ ಊರುಗಳನ್ನು ಹೇಳಿದೆ. ಇವರು ಒಂದನ್ನೂ ಹಿಡಿಯಲಿಲ್ಲ. ಬೀಸಣಿಗೆಯ ಪಕ್ಕದಿಂದ ನನ್ನ ತುಟಿ ಕಾಣುತ್ತದೋ ಎಂದು ಕತ್ತು ಚಾಚಿದರು. ಎಲ್ಲರೂ ನಕ್ಕರು. ರಂಜನಿ ನಗದೆ ನನ್ನನ್ನೇ ನೋಡಿದಳು. ಅದು ನಗುವಿಗಿಂತ ಕೆಟ್ಟದ್ದಾಗಿತ್ತು.

ನನ್ನನ್ನು ಅಕ್ಕ ಅನ್ನುತ್ತಾಳೆ. ಇವರನ್ನು "ಸುರೇಂದ್ರ ಅವರೇ" ಅನ್ನುತ್ತಾಳೆ. ಅಣ್ಣ ಅಂದರೆ ಬಾಯಿ ಸವೆದು ಹೋಗುತ್ತದೆಯೆ?

ಮೇ 13

ಮೈಸೂರಿನಲ್ಲಿ ಮೂರು ತಿಂಗಳ ಪರೀಕ್ಷೆ. ಐವತ್ತಕ್ಕೆ ಹದಿನಾರು. ಅಪರ್ಣ ಮೇಡಂಗೆ ತುಂಬ ಸಂತೋಷ. ಮೊನ್ನೆ ನನ್ನ ಹತ್ತಿರ ಐವತ್ತಕ್ಕೆ ಐದು. ಅದನ್ನು ನಾನು ಹೇಳಲಿಲ್ಲ.

ಮೇ 29

ಈಗ ಇನ್ನೊಂದು ಶುರುವಾಗಿದೆ. ಆಕೆ ದಿನಾ ಬೆಳಿಗ್ಗೆ ಹತ್ತು ವಾಕ್ಯ ಹೇಳಿ ವಾಟ್ಸಪ್ಪಿನಲ್ಲಿ ಕಳಿಸುತ್ತಾಳೆ. ಇವರು ತಿಂಡಿ ತಿನ್ನುತ್ತಾ ಕೇಳುತ್ತಾರೆ. ಫೋನಿನಿಂದ ಗಾಳಿಯಲ್ಲಿ ಬರುವ ಸದ್ದಲ್ಲ ಅದು. ಬ್ಲೂಟೂತಿನಲ್ಲಿ ನೇರ ಮಿಷನ್ನಿಗೆ, ಮಿಷನ್ನಿನಿಂದ ನೇರ ತಲೆಯೊಳಕ್ಕೆ. ನಾನು ಎದುರಿಗೇ ನಿಂತು ರೊಟ್ಟಿ ಬಡಿಸಿದರೂ ಆಕೆ ಏನು ಹೇಳಿದಳು ಎಂದು ನನಗೆ ಕೇಳಿಸುವುದಿಲ್ಲ. ನನ್ನ ಮನೆಯಲ್ಲಿ, ನನ್ನ ಗಂಡನ ತಲೆಯೊಳಗೆ ಇನ್ನೊಬ್ಬಳು ಮಾತಾಡುತ್ತಾಳೆ. ಇಲ್ಲಿ ಕಿವುಡಿ ನಾನು.

"ಏನಂತೆ?" ಎಂದು ಕೇಳಿದೆ.

"'ನಮ್ಮ ಕಚೇರಿಯ ಗೋಡೆ ಗಡಿಯಾರ ನಿಂತುಹೋಗಿದೆ.' ಸರಿಯಾಗ್ ಕೇಳ್ತು ಕಣೆ, ಒಂದ್ ಪದ ಬುಡ್ದಂಗೆ!"

ಹತ್ತು ಸಲ ಕೇಳಿದರು ಆ ವಾಕ್ಯವನ್ನು. ನಿಂತುಹೋದ ಗಡಿಯಾರದಲ್ಲಿ ಅಷ್ಟು ಕೇಳುವಂಥದ್ದು ಏನಿದೆ?

ಜೂನ್ 24

ಪುಟ್ಟಲಕ್ಷ್ಮಮ್ಮ ಮೊಮ್ಮಗಳ ಓಲೆ ತಂದಿದ್ದರು, ಹಿಂದಿನ ತಿರುಪು ಸಡಿಲವಾಗಿತ್ತು. ಹನ್ನೊಂದು ವರ್ಷದಿಂದ ನನ್ನ ಹತ್ತಿರವೇ ಹೇಳುವ ಹೆಂಗಸು. ಇವತ್ತು ನನ್ನ ಭುಜದ ಮೇಲಿಂದ ಕತ್ತು ಹಾಕಿ, "ಏನಪ್ಪ ಸುರೇಂದ್ರ, ಕಿವಿ ಬಂತಂತಲ್ಲ! ತಿರ್ಪು ಸಡ್ಲ ಆಗದೆ, ನೋಡಪ್ಪ" ಅಂದರು.

ನಾನು ತಿರುಗಿ ತುಟಿ ಆಡಿಸುವಷ್ಟರಲ್ಲಿ ಇವರು, "ತಿರ್ಪಾ? ಕೊಡಿ ಇಲ್ಲಿ" ಅಂದುಬಿಟ್ಟರು.

ಅಂಗಡಿಯಲ್ಲಿ ಎಲ್ಲರಿಗೂ ಖುಷಿ. ನಾನೂ ನಕ್ಕೆ. ಆಮೇಲೆ ಪುಟ್ಟಲಕ್ಷ್ಮಮ್ಮ ಅರ್ಧ ಗಂಟೆ ಇವರ ಜೊತೆಯೇ ಮಾತಾಡಿದರು. ಅರ್ಧಕ್ಕರ್ಧ ಇವರಿಗೆ ಕೇಳಲಿಲ್ಲ. ತಪ್ಪು ತಪ್ಪಾಗಿ ಉತ್ತರ ಕೊಟ್ಟರು. ಆಕೆ ಅದಕ್ಕೂ ನಕ್ಕು ತಿರುಗಿ ಹೇಳಿದರೇ ಹೊರತು ನನ್ನ ಕಡೆ ನೋಡಲಿಲ್ಲ. ನನ್ನ ಕೈಗೆ ಕೆಲಸವಿರಲಿಲ್ಲ. ತಕ್ಕಡಿಯ ಗಾಜು ಒರೆಸಿದೆ, ಮತ್ತೆ ಒರೆಸಿದೆ.

ಜುಲೈ 14, ಭಾನುವಾರ

ಅತ್ತೆಗೆ ಜ್ವರ ಅಂತ ನಾನು ಹೋಗಲಿಲ್ಲ. ಇವರೊಬ್ಬರೇ ಹೋಗಿದ್ದರು. ಕರಿಘಟ್ಟದ ಬೆಟ್ಟ ಹತ್ತಿದರಂತೆ! ಗಾಳಿಯಲ್ಲಿ ಮಾತು ಹಿಡಿಯುವ ಅಭ್ಯಾಸವಂತೆ.

"ಯಾರ್ ಯಾರು?"

"ಆರು ಜನ. ಜಯರಾಮಯ್ಯನೋರೂ ಬಂದಿದ್ರು. ಗಾಳಿ ಬುಟ್ರೆ ಏನೂ ಕೇಳ್ಸಲ್ಲ ಕಣೆ, ಬರೀ ಭರ್ರ್ ಅಂತದೆ. ರಂಜನಿಗೂ ಅಂಗೇ ಅಂತೆ, ಒಂಬತ್ ವರ್ಸ ಆದ್ರೂವೆ."

ಆರು ಜನ ಎಂದರು. ನನ್ನ ಮನಸ್ಸಿನಲ್ಲಿ ಮೆಟ್ಟಿಲು ಹತ್ತಿದ್ದು ಇಬ್ಬರೇ. ಮದುವೆಯಾದ ಹೊಸತರಲ್ಲಿ ಕರಿಘಟ್ಟಕ್ಕೆ ಕರೆದುಕೊಂಡು ಹೋಗಿ ಎಂದರೆ, ಮೆಟ್ಟಿಲು ಹತ್ತಿದರೆ ಮಂಡಿ ನೋವು ಅಂದಿದ್ದ ಮನುಷ್ಯ ಇವರು.

ಹೊಟ್ಟೆಕಿಚ್ಚು ಎಂಬ ಪದ ಸರಿಯಾಗಿದೆ. ಎದೆಯಲ್ಲಲ್ಲ, ಹೊಟ್ಟೆಯಲ್ಲೇ ಆಗುತ್ತದೆ ಅದು.

ಆಗಸ್ಟ್ 11, ಭಾನುವಾರ

ಬ್ಯಾಟರಿ ಬೆಳಿಗ್ಗೆ ಆರಕ್ಕೆ ಹಾಕಿದರೆ ಸಂಜೆ ನಾಲ್ಕರ ಹೊತ್ತಿಗೆ ಮುಗಿಯುತ್ತದೆ. ಅದಕ್ಕೇ ಇನ್ನೊಂದನ್ನು ಚಾರ್ಜು ಮಾಡಿ ಚಿಕ್ಕ ಡಬ್ಬಿಯಲ್ಲಿಟ್ಟು ಬ್ಯಾಗಿಗೆ ಹಾಕುವುದು. ಹಾಕುವವಳು ನಾನೇ.

ಇವತ್ತು ಹಾಕಲಿಲ್ಲ. ಮರೆತು ಅಲ್ಲ. ಡಬ್ಬಿಯನ್ನು ಕೈಯಲ್ಲಿ ಹಿಡಿದಿದ್ದೆ. ಆಮೇಲೆ ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟೆ. ಆಕೆಯ ಮುಂದೆ ಕೂತಾಗ ಒಂದು ಗಂಟೆ ಏನೂ ಕೇಳದೆ ಹೋಗಲಿ, ನನ್ನ ನೆನಪಾಗಲಿ ಅಂದುಕೊಂಡೆ. ಅಷ್ಟೇ ಅಂದುಕೊಂಡದ್ದು.

ಐದೂವರೆಗೆ ಯಾರೋ ಆಟೋದವರು ಇವರನ್ನು ಕರೆತಂದರು. ಅಂಗಿಯೆಲ್ಲ ಕೆಸರು, ಬಲಗೈ ಎದೆಗೆ ಒತ್ತಿಕೊಂಡಿದ್ದರು. ರೈಲಿಳಿದು ಸ್ಟೇಷನ್ನಿನಿಂದ ಊರ ಕಡೆ ರಸ್ತೆಯಲ್ಲಿ ನಡೆದು ಬರುತ್ತಿದ್ದಾಗ ಹಿಂದಿನಿಂದ ಕಬ್ಬಿನ ಟ್ರಾಕ್ಟರು ಬಂದಿದೆ. ಹಾರ್ನು ಹೊಡೆದಿದ್ದಾನೆ, ಕೂಗಿದ್ದಾನೆ. ಇವರಿಗೆ ಎಲ್ಲಿಂದ ಕೇಳಬೇಕು? ಜಲ್ಲೆಗಳು ಭುಜಕ್ಕೆ ತಾಗಿ ಚರಂಡಿಗೆ ಬಿದ್ದಿದ್ದಾರೆ.

"ಬ್ಯಾಗಲ್ಲಿ ಬ್ಯಾಟ್ರಿ ಅದಾ ಅಂತ ನೋಡ್ಕೊಳದು ಮರ್ತ್ಬುಟ್ಟೆ ಕಣೆ" ಅಂದರು ನನ್ನನ್ನು ಕಂಡ ಕೂಡಲೇ. "ನಂದೇ ತಪ್ಪು."

ಆಗಸ್ಟ್ 12

ಬಲ ಮಣಿಕಟ್ಟು ಮುರಿದಿದೆ. ಆರು ವಾರ ಪ್ಲಾಸ್ಟರಿನ ಕಟ್ಟು. ಅಕ್ಕಸಾಲಿಯ ಬಲಗೈ.

ಆಗಸ್ಟ್ 15

ಬಂದವರಿಗೆಲ್ಲ "ನಾನೇ ಬ್ಯಾಟ್ರಿ ಮರ್ತೆ" ಎಂದು ಹೇಳುತ್ತಿದ್ದಾರೆ. ಅತ್ತೆ ನನ್ನನ್ನು ತಬ್ಬಿಕೊಂಡು, "ನೀನ್ ಜೊತ್ಗಿದ್ದಿದ್ರೆ ಇಂಗಾಯ್ತಿತ್ತಾ?" ಎಂದು ಅತ್ತರು. ಡಬ್ಬಿ ಇನ್ನೂ ಅಕ್ಕಿ ಡ್ರಮ್ಮಿನ ಹಿಂದೆಯೇ ಇದೆ. ಮನೆಯಲ್ಲೇ ಇರುವುದರಿಂದ ಒಂದನ್ನೇ ಚಾರ್ಜು ಮಾಡಿ ಹಾಕಿಕೊಳ್ಳುತ್ತಾರೆ, ಇನ್ನೊಂದನ್ನು ಕೇಳಿಲ್ಲ. ತೆಗೆಯಲು ಕೈ ಹೋಗುತ್ತಿಲ್ಲ.

ಆಗಸ್ಟ್ 20

ಆಕೆ ಮನೆಗೆ ಬಂದಿದ್ದಳು. ಕಚೇರಿಗೆ ಅರ್ಧ ದಿನ ರಜೆ ಹಾಕಿ, ಬಸ್ಸಿನಲ್ಲಿ, ಮೂಸಂಬಿ ಹಿಡಿದುಕೊಂಡು. ಮೂವತ್ತಾರು ವರ್ಷ ಇರಬಹುದು. ಕಾಲಿಗೆ ರಬ್ಬರು ಚಪ್ಪಲಿ, ಕೊರಳಲ್ಲಿ ಒಂದೆಳೆ ಸರ. ಅದರ ಕೊಂಡಿ ಸವೆದಿತ್ತು. ಎಷ್ಟು ಕೋಪವಿದ್ದರೂ ಇಂಥದ್ದು ನನ್ನ ಕಣ್ಣಿಗೆ ಬೀಳದೆ ಇರುವುದಿಲ್ಲ.

ಇವರಿಗೆ ಕಾಫಿ ಬೇಕೇ ಎಂದು ನಾನು ಕೇಳಿದೆ. ಇವರು ಬೇಡ ಅಂದರು. ಮಾತ್ರೆ ತಗೊಂಡಿರಾ ಅಂದೆ. ಹೂಂ ಅಂದರು. ರಂಜನಿ ಇದನ್ನೇ ನೋಡುತ್ತಿದ್ದಳು. ಇವರು ಸ್ವಲ್ಪ ಮಲಗಲು ಒಳಗೆ ಹೋದ ಮೇಲೆ ನನ್ನ ಹಿಂದೆ ಅಡುಗೆಮನೆಗೆ ಬಂದಳು.

"ಅಕ್ಕ, ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡಿ. ನೀವು ಅವರ ಹತ್ತಿರ ಮಾತಾಡುವಾಗ ನಿಮ್ಮ ದನಿಯೇ ಬರಲ್ಲ."

"ಅಂಗಂದ್ರೆ?"

"ತುಟಿ ಮಾತ್ರ ಆಡಿಸ್ತೀರಿ. ಏಪ್ರಿಲ್‌ನಲ್ಲಿ ನಮ್ಮನೇಲಿ ಬೀಸಣಿಗೆ ಕೊಟ್ಟಾಗ ನನ್ನ ಮಿಷನ್ನೇ ಕೆಟ್ಟಿತು ಅಂದ್ಕೊಂಡಿದ್ದೆ. ಈಗ ನನ್ನ ಹತ್ತಿರ ಮಾತಾಡ್ತಿದ್ದೀರಲ್ಲ, ಎಷ್ಟು ಚೆನ್ನಾಗಿ ಕೇಳ್ತಿದೆ! ಅವರ ಕಡೆ ತಿರುಗಿದ ತಕ್ಷಣ ನಿಂತುಹೋಗುತ್ತೆ. ಅವರು ಕಲಿಯೋದಾದರೂ ಹೇಗೆ?"

ಅದು ಸುಳ್ಳು ಅಂದೆ. ಆಮೇಲೆ ಮಗಳು ಸ್ಪಂದನಳ ಮಾತು ತಲೆಗೆ ಬಂತು. ಹಾಸ್ಟೆಲಿನಿಂದ ಬಂದಾಗೆಲ್ಲ, "ನೀವಿಬ್ರು ಮಾತಾಡದು ಸೌಂಡ್ ಆಫ್ ಮಾಡಿದ್ ಟಿವಿ ಇದ್ದಂಗದೆ ಅಮ್ಮ" ಎಂದು ನಗುತ್ತಿದ್ದಳು. ಕೇಳದವರಿಗೆ ದನಿ ಯಾಕೆ ಎಂದು ಯಾವಾಗಲೋ ನಿಲ್ಲಿಸಿದ್ದೆ. ಯಾವ ವರ್ಷ ಎಂದು ಕೂಡ ನೆನಪಿಲ್ಲ.

ಆಕೆ ಹೊರಡುವ ಮುಂಚೆ ಹೇಳಿದಳು: "ಆಪರೇಷನ್ ಆದಾಗ ನಮ್ಮ ಅಮ್ಮ ಇರಲಿಲ್ಲ. ಅಪ್ಪ ದೇವಸ್ಥಾನದಿಂದ ಬಂದು ಸುಸ್ತಾಗಿ ಮಲಗಿಬಿಡೋರು. ನಾನು ರೇಡಿಯೋ ಮುಂದೆ ಕೂತು ಕಲಿತೆ. ಮೊದಲ ಎರಡು ವರ್ಷ ಬೇಗ ಬೇಗ ಬಂತು. ಆಮೇಲೆ ನಿಂತೇಹೋಯ್ತು ಅನ್ನಿಸ್ತು. ಐದನೇ ವರ್ಷದಲ್ಲಿ ಒಂದು ದಿನ ಬಸ್ಸಲ್ಲಿ ಹಿಂದಿನ ಸೀಟಿನವರು ಜಗಳ ಆಡೋದು ಪೂರ್ತಿ ಕೇಳಿಸ್ತು. ಇಳಿಯೋ ಸ್ಟಾಪು ಬಿಟ್ಟು ಕೂತ್ಕೊಂಡು ಕೇಳಿದೆ ಅಕ್ಕ! ನನಗೆ ಐದು ವರ್ಷ ಹಿಡಿದದ್ದು ಇವರಿಗೆ ಒಂದು ವರ್ಷಕ್ಕೇ ಬರಬಹುದು. ಮನೇಲಿ ಮಾತಾಡೋರಿದ್ದಾರೆ."

ಸವೆದ ಕೊಂಡಿ ಬದಲಾಯಿಸಿಕೊಳ್ಳಿ ಎಂದು ಹೇಳಬೇಕೆಂದಿದ್ದೆ. ಹೇಳಲಿಲ್ಲ. ನನ್ನ ದನಿ ಇಲ್ಲವೆಂದು ಕಂಡುಹಿಡಿಯಲು ಕೂಡ ಇವಳೇ ಬರಬೇಕಾಯಿತಲ್ಲ!

ಆಗಸ್ಟ್ 21

ಇವರ ಮುಂದೆ ಕೂತು ದನಿ ತೆಗೆದು "ಊಟಕ್ಕೆ ಏಳಿ" ಅಂದೆ. ನಾನೇ ಬೆಚ್ಚಿದೆ. ಗಿರಾಕಿಗಳ ಹತ್ತಿರ ಆಡುವ ದನಿಯೇ, ಆದರೆ ಇವರ ಮುಂದೆ ಆಡಿ ಎಷ್ಟೋ ವರ್ಷವಾಗಿತ್ತು.

ಇವರು ದಿನಪತ್ರಿಕೆಯಿಂದ ತಲೆಯೆತ್ತಿ, "ಯಾರದು?" ಅಂದರು. ಎದುರಿಗೆ ನಾನೊಬ್ಬಳೇ ಇದ್ದೆ.

"ನಾನು."

"ನಿನ್ ದನಿ ಇಂಗಿರ್ಲಿಲ್ಲ. ಸಣ್ಣಕ್ಕಿತ್ತು."

"ಆಗ ಮೂವತ್ತೊಂದು ವಯಸ್ಸು. ಈಗ ನಲವತ್ತೆರಡು."

ರಂಜನಿಯ ದನಿ ನಿಮಗೆ ಗುರುತು ಸಿಗುತ್ತದೆ, ನನ್ನದು ಸಿಗುವುದಿಲ್ಲ ಎಂದು ಹೇಳಬೇಕೆನಿಸಿತು. ತಪ್ಪು ಯಾರದು ಎಂದು ಗೊತ್ತಿದ್ದುದರಿಂದ ಹೇಳಲಿಲ್ಲ.

ಸೆಪ್ಟೆಂಬರ್ 2

ಐವತ್ತಕ್ಕೆ ಹದಿನೇಳು. ನನ್ನ ದನಿಗೆ.

ಸೆಪ್ಟೆಂಬರ್ 11

ಇಪ್ಪತ್ತೆರಡು. ದಿನಕ್ಕೆ ಎರಡು ಗಂಟೆ ಕೂರುತ್ತೇವೆ. ಕೈ ಕಟ್ಟಿಹೋಗಿರುವುದರಿಂದ ಇವರಿಗೂ ಬೇರೆ ಕೆಲಸವಿಲ್ಲ. ದಿನಪತ್ರಿಕೆ ಓದುತ್ತೇನೆ, ಇವರು ಗೋಡೆ ನೋಡುತ್ತಾ ಕೇಳುತ್ತಾರೆ. ಅಂಗಡಿ ಅರ್ಧ ದಿನ ಮುಚ್ಚಿದೆ. ಸಣ್ಣ ಬೆಸುಗೆ ನಾನೇ ಹಾಕುತ್ತೇನೆ. ಬೆಳಗಿನ ಹತ್ತು ವಾಕ್ಯಗಳು ಈಗಲೂ ಬರುತ್ತವೆ. ಇವರು ಅದನ್ನು ಕೇಳುವಾಗ ನಾನು ಹಿತ್ತಲಿಗೆ ಹೋಗಿಬಿಡುತ್ತೇನೆ.

ಸೆಪ್ಟೆಂಬರ್ 23

ಕಟ್ಟು ಬಿಚ್ಚಿದರು. ಬೆರಳು ಮಡಚುವುದಿಲ್ಲ. ಡಾಕ್ಟರು ಸರಿಹೋಗುತ್ತದೆ ಎಂದರು. ಯಾವಾಗ ಎನ್ನಲಿಲ್ಲ.

ಮೈಸೂರಿಗೂ ಹೋಗಿದ್ದೆವು. ಮೇಡಂ ಐವತ್ತಕ್ಕೆ ಮೂವತ್ತೊಂದು ಅಂದರು. ಮನೆಯಲ್ಲಿ ಹೇಗೆ ಎಂದು ಕೇಳಿದಾಗ ಇವರೇ ಎಲ್ಲವನ್ನೂ ಹೇಳಿದರು. ವಾಪಸ್ಸು ಬಸ್ಸಿನಲ್ಲಿ ಕೂತ ಮೇಲೆ, ಆ ಕೋಣೆಯಲ್ಲಿ ನಾನು ಒಂದು ಮಾತೂ ಆಡಲಿಲ್ಲವಲ್ಲ ಎಂದು ಆಶ್ಚರ್ಯವಾಯಿತು.

ಅಕ್ಟೋಬರ್ 6, ಭಾನುವಾರ

ಇವತ್ತು ಅಂಗಡಿಗೆ ರಜೆ. ಆದರೂ ಇವರು ಅಗ್ಗಿಷ್ಟಿಕೆಯ ಮುಂದೆ ಕೂತರು, ಕೈ ಎಷ್ಟು ಬಗ್ಗುತ್ತದೆ ನೋಡಲು. ಕರಿಮಣಿಯ ಚಿನ್ನದ ಗುಂಡು ಒಂದನ್ನು ಚಿಮುಟದಲ್ಲಿ ಹಿಡಿದರು. ಜಾರಿತು. ಮತ್ತೆ ಹಿಡಿದರು. ಮತ್ತೆ ಜಾರಿತು. ನಾಲ್ಕನೇ ಸಲ ಚಿಮುಟವನ್ನು ಕೆಳಗಿಟ್ಟು, "ಒಂದ್ ಬ್ಯಾಟ್ರಿ ಮರ್ತು ಇಂಗ್ ಮಾಡ್ಕೊಂಡ್ನಲ್ಲ, ಎಂಥಾ ದಡ್ಡ ನಾನು" ಅಂದರು. ನನಗಲ್ಲ, ತಮ್ಮ ಕೈಗೆ.

ನಾನು ಹಿಂದೆ ನಿಂತಿದ್ದೆ. ಮುಖ ತೋರಿಸಿ ಹೇಳುವ ಧೈರ್ಯ ನನಗಿರಲಿಲ್ಲ. ಬೆನ್ನಿಗೆ ಹೇಳಿದೆ. ದನಿ ತೆಗೆದೇ ಹೇಳಿದೆ.

"ನೀವ್ ಮರೀಲಿಲ್ಲ. ನಾನು ಬೇಕಂತ್ಲೇ ತಗ್ದಿಟ್ಟೆ."

ಇವರ ಬೆನ್ನು ಅಲುಗಲಿಲ್ಲ. ಕೇಳಿಸಲಿಲ್ಲವೇನೋ ಅಂದುಕೊಂಡೆ. ಒಂದು ಕ್ಷಣ, ದೇವರೇ, ಕೇಳಿಸದೇ ಇರಲಿ ಅಂದುಕೊಂಡೆ.

"ಬೇಕಂತ್ಲೇ ಅಂದ್ಯಾ?"

"ಹೂಂ."

"ಯಾಕೆ?"

"ಅವ್ಳ ಮುಂದೆ ನಿಮ್ಗೆ ಕೇಳ್ಬಾರ್ದು ಅಂತ."

ಇವರು ತಿರುಗಲಿಲ್ಲ. ಎಡಗೈ ಎತ್ತಿ ಕಿವಿಯ ಮಿಷನ್ನನ್ನು ತೆಗೆದು ಚಿಮುಟದ ಪಕ್ಕದಲ್ಲಿ ಇಟ್ಟರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಹನ್ನೊಂದು ವರ್ಷ ಇವರಿಗೆ ಲೋಕ ಕೇಳುತ್ತಿರಲಿಲ್ಲ, ಆದರೆ ನನ್ನ ಮಾತು ಬೇಡವೆಂದು ಹೀಗೆ ಕಿವಿ ಮುಚ್ಚಿಕೊಂಡವರಲ್ಲ. ನಾನು ಅಲ್ಲೇ ನಿಂತು ಇನ್ನೂ ಏನೇನೋ ಹೇಳಿದೆ. ಗಂಟಲು ಹರಿಯುವ ಹಾಗೆ ಹೇಳಿದೆ. ಕೇಳುವವರು ಯಾರೂ ಇರಲಿಲ್ಲ.

ಅಕ್ಟೋಬರ್ 7

ಅಂಗಡಿಯಲ್ಲಿ ಹಾಕಿಕೊಳ್ಳುತ್ತಾರೆ. ಮನೆಯ ಹೊಸಿಲು ದಾಟುವಾಗ ತೆಗೆಯುತ್ತಾರೆ.

ಅಕ್ಟೋಬರ್ 8

ಇವತ್ತೂ ಹಾಗೆಯೇ. ನನ್ನ ತುಟಿಯ ಕಡೆಗೂ ನೋಡುವುದಿಲ್ಲ. ಡಬ್ಬಿಯನ್ನು ಅಕ್ಕಿ ಡ್ರಮ್ಮಿನ ಹಿಂದಿನಿಂದ ತೆಗೆದು ಇವರ ದಿಂಬಿನ ಪಕ್ಕದಲ್ಲಿಟ್ಟೆ. ತೆಗೆದು ಬ್ಯಾಗಿಗೆ ಹಾಕಿಕೊಂಡರು.

ಮಧ್ಯಾಹ್ನ ರಂಜನಿಗೆ ನಾನೇ ಫೋನು ಮಾಡಿದೆ. ಎಲ್ಲವನ್ನೂ ಹೇಳಿದೆ. ಅವಳ ಮೇಲಿನ ಸಿಟ್ಟಿಗೇ ಎಂದೂ ಹೇಳಿದೆ. ಆ ಕಡೆ ಅಷ್ಟು ಹೊತ್ತು ಸದ್ದೇ ಇರಲಿಲ್ಲ, ಲೈನು ಕಡಿಯಿತೇನೋ ಎಂದು "ಹಲೋ" ಅಂದೆ.

"ಕೇಳಿಸ್ತಿದೆ ಅಕ್ಕ" ಅಂದಳು. "ಒಂದೊಂದು ಪದವೂ ಕೇಳಿಸ್ತು. ನನಗೆ ತುಂಬ ಬೇಜಾರಾಗಿದೆ. ಇವತ್ತು ಇನ್ನೇನೂ ಮಾತಾಡಲ್ಲ."

ಫೋನು ಇಟ್ಟಳು. ಸರಿಯಾಗಿಯೇ ಮಾಡಿದಳು.

ಅಕ್ಟೋಬರ್ 10

ಸಂಜೆ ಅಂಗಡಿ ಮುಚ್ಚಿ ಬಂದರು. ಹೊಸಿಲ ಹತ್ತಿರ ಕೈ ಕಿವಿಗೆ ಹೋಯಿತು. ತೆಗೆಯಲಿಲ್ಲ. ಒಳಗೆ ಬಂದು ನನ್ನೆದುರು ಚಾಪೆಯ ಮೇಲೆ ಕೂತರು.

"ಅವತ್ತು ನಾನ್ ತಗ್ದಿಟ್ಮೇಲೂ ನೀನು ಮಾತಾಡ್ತಿದ್ದೆ. ತಕ್ಕಡಿ ಗಾಜಲ್ಲಿ ನಿನ್ ಬಾಯಿ ಕಾಣ್ತಿತ್ತು, ಓದಕ್ಕಾಗ್ಲಿಲ್ಲ. ಏನಂದೆ?"

"ಏನೂ ಇಲ್ಲ ಬುಡಿ."

"ಯೋಳು."

ಕಣ್ಣು ಮುಚ್ಚಿಕೊಂಡರು. ಕಣ್ಣಿನಿಂದಲೇ ಇಷ್ಟು ವರ್ಷ ಬದುಕಿದ ಮನುಷ್ಯ ನನ್ನ ಮುಂದೆ ಕಣ್ಣು ಮುಚ್ಚಿ ಕೂತರು. ನಾನು ಹೇಳಿದೆ.

"ನಿಮ್ಗೆ ಎಲ್ರ ಮಾತೂ ಕೇಳ್ಸಕ್ಕೆ ಸುರುವಾದ್ರೆ ನಾನ್ಯಾಕೆ ಬೇಕು ಅಂತ ಬಯ ಆಯ್ತು ಅಂದೆ."

ಹುಬ್ಬು ಗಂಟಿಕ್ಕಿದರು. "ಬಳೆ ಆಯ್ತಾ? ಯಾರ್ ಬಳೆ?"

"ಬಳೆ ಅಲ್ರೀ. ಬಯ."

"ಬಾಯಿ?"

"ಬಯ. ಎದರ್ಕೆ."

"ಓ." ಕಣ್ಣು ತೆರೆಯಲಿಲ್ಲ. ಮೊಂಡು ಬೆರಳುಗಳನ್ನು ನಿಧಾನವಾಗಿ ಮಡಚಿದರು, ಬಿಚ್ಚಿದರು. "ಬಯ ಆದ್ರೆ ಬಾಯ್ಬುಟ್ಟು ಯೋಳ್ಬೇಕು ಕಣೆ. ಬ್ಯಾಟ್ರಿ ಬಚ್ಚಿಟ್ರೆ ನಂಗೆಂಗ್ ಗೊತ್ತಾದದು? ಕೈ ಓಯ್ತು ನೋಡು ನಂದು."

"ತಪ್ಪಾಯ್ತು."

"ಆಯ್ತು. ಇನ್ನೂ ಕ್ವಾಪ ಅದೆ ನಂಗೆ. ಓಗಕ್ಕೆ ಟೈಮಾಯ್ತದೆ." ಮತ್ತೆ ಬೆರಳು ಮಡಚುತ್ತಾ ಅಂದರು: "ಬಯ, ಬಳೆ. ಎರಡೂ ಒಂದೇ ತರ ಕೇಳ್ತವೆ ಕಣೆ. ಯೋಳು, ಯಾವ್ದು ಯಾವ್ದು ಅಂತ ನೋಡ್ತೀನಿ."

ನಾನು ಹೇಳುತ್ತಾ ಹೋದೆ. ಬಳೆ. ಬಯ. ಬಯ. ಬಳೆ. ಇವರು ತಪ್ಪಿದರು, ಸರಿ ಹೇಳಿದರು, ಮತ್ತೆ ತಪ್ಪಿದರು. ನಾನು ನಿಲ್ಲಿಸಲಿಲ್ಲ. ಒಳಮನೆಯಿಂದ ಅತ್ತೆ, "ಯಾರ್ಗ್ಲಾ ಬಳೆ? ಯಾರ್ಗ್ ಮಾಡ್ತಿದ್ದೀಯ?" ಎಂದು ಕೂಗಿದರು.

ಇವರಿಗೆ ಹೇಳೋಣವೆಂದು ನಾನು ಬಾಯಿ ತೆರೆದೆ.

"ಯಾರ್ಗೂ ಇಲ್ಲ ಕಣವ್ವಾ!" ಎಂದು ಇವರೇ ಒಳಕ್ಕೆ ಕೂಗಿದರು. ಕೂಗಿದ ಮೇಲೆ ತಮಗೇ ತಿಳಿದು ಕಣ್ಣು ತೆರೆದರು. ಒಳಗೆ ನೆಲಕ್ಕೆ ಕೈಯೂರಿಕೊಂಡು ಅತ್ತೆ ಏಳುವ ಸದ್ದು, ಗೋಡೆ ಹಿಡಿದುಕೊಂಡು ಬರುವ ಸದ್ದು. ಬಾಗಿಲಲ್ಲಿ ನಿಂತು, "ನನ್ ಮಾತು ಕೇಳ್ತೇನ್ಲಾ ಮಗಾ? ನಂದಾ?" ಅಂದರು.

ಇವರು ತಲೆಯಾಡಿಸಿದರು. ಅತ್ತೆ ಮಗನ ಪಕ್ಕದಲ್ಲಿ ಕೂತು ಮಾತಿಗೆ ಶುರುವಿಟ್ಟರು, ಹನ್ನೊಂದು ವರ್ಷದ ಮಾತು. ಇವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಅತ್ತೆ ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ.

ಅಷ್ಟು ಸಂತೋಷದಲ್ಲೂ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಬರೆಯಲಿ. ಎದ್ದು ಒಳಗೆ ಹೋಗಿ ಮೂವರಿಗೂ ಕಾಫಿಗೆ ನೀರಿಟ್ಟೆ. ಅಲ್ಲಿಂದಲೇ, ಇವರಿಗೆ ನನ್ನ ತುಟಿ ಕಾಣದ ಕಡೆಯಿಂದ, ಸಕ್ಕರೆ ಎಷ್ಟು ಎಂದು ದನಿ ತೆಗೆದು ಕೇಳಿದೆ.